ಗಡಿಯಾರಕ್ಕೆ ಯಾಕಿಲ್ಲ ವೇಗಮಿತಿ?

ಇ-ಸೈಕಲ್ಲಿನ ಮೋಟಾರಿಗೆ ‘ಪವರ್ ಏರಿಸಿಕೊಡುವ’ ಗ್ಯಾರೇಜುಗಳ ಮೇಲೆ ನನಗೆ ಸಿಟ್ಟಿದೆ. ಕೆಲಸವೇನೋ ಸುಲಭ. ಕಂಟ್ರೋಲರಿನಲ್ಲಿ ವೇಗಮಿತಿಯ ವೈರಿದ್ದರೆ ಕಳಚುವುದು, 36 ವೋಲ್ಟಿನ ಬ್ಯಾಟರಿ ತೆಗೆದು 48ರದ್ದು ಕೂರಿಸುವುದು. ಮೋಟಾರು ಮೂರನೇ ಒಂದು ಪಾಲು ಹೆಚ್ಚು ಜೋರಾಗಿ ತಿರುಗುತ್ತದೆ. ಆದರೆ ವೇಗ 25ರಿಂದ 33 ಕಿ.ಮೀ.ಗೆ ಏರಿದರೆ ಬ್ರೇಕು ತಡೆಯಬೇಕಾದ ಶಕ್ತಿ ಸುಮಾರು ಮುಕ್ಕಾಲು ಪಾಲು ಹೆಚ್ಚುತ್ತದೆ. ಬ್ರೇಕು ಮಾತ್ರ ಅದೇ ಹಳೆಯ ರಬ್ಬರ್ ತುಂಡು! ಮೋಟಾರಿನ ಸುರುಳಿ ಕಾದು ಸುಡುವುದು ಬೇರೆ.

ನಮ್ಮ ನಿಯಮದಲ್ಲಿ ಲೈಸೆನ್ಸು, ನೋಂದಣಿಯ ವಿನಾಯಿತಿ ಇರುವುದು ಮುಖ್ಯವಾಗಿ 250 ವ್ಯಾಟ್ ಮತ್ತು 25 ಕಿ.ಮೀ.ಗಿಂತ ಕೆಳಗಿನ ಗಾಡಿಗಳಿಗೆ. ಮಿತಿ ದಾಟಿದರೆ ಅದು ಮೋಟಾರು ವಾಹನ. ನಾಳೆ ಯಾರಿಗಾದರೂ ಗುದ್ದಿದರೆ, ನಂಬರಿಲ್ಲದ, ವಿಮೆಯಿಲ್ಲದ ಗಾಡಿಯ ಸವಾರ ಕೋರ್ಟು ಅಲೆಯಬೇಕು. ಗ್ಯಾರೇಜಿನವನು ಮುಂದಿನ ಗಿರಾಕಿಯ ವೈರು ಕೀಳುತ್ತಿರುತ್ತಾನೆ.

ದಿಬ್ಬ ಹತ್ತಲಾಗದು ಎನ್ನುವವರ ಕಷ್ಟ ನಿಜ. ಅದಕ್ಕೆ ಪೆಡಲಿನ ಬಳಿ ಕೂತು ಸೈಕಲ್ಲಿನ ಗೇರನ್ನೇ ಬಳಸುವ ಮೋಟಾರುಗಳಿವೆ. ಬೆಂಗಳೂರಿನಲ್ಲಿ ಊಟ ತಲುಪಿಸುವ ಹುಡುಗನಿಗೆ ವೇಗ ಬೇಕಿರುವುದು ದಿಬ್ಬಕ್ಕಲ್ಲ, ಆ್ಯಪಿನ ಗಡಿಯಾರಕ್ಕೆ. ನಾವು (ಸಾಹಿತ್ಯಾಸಕ್ತರೂ ಸೇರಿ) ಕೂತಲ್ಲಿಗೇ ಬಿಸಿ ದೋಸೆ ತರಿಸಿಕೊಂಡು, ಅವನ ಕಾನೂನುಭಂಗದ ಬಗ್ಗೆ ಉಪದೇಶ ಮಾಡುತ್ತೇವೆ. ಐದು ನಿಮಿಷ ತಡವಾದರೆ ಸ್ಟಾರ್ ಕಡಿಮೆ ಒತ್ತುವವರೂ ನಾವೇ.