ವಂಚಕನ ಇನ್‌ಬಾಕ್ಸ್ ತುಂಬಿಸಿದರೆ ಹೋದ ಹಣ ಬಂದೀತೆ?

ಮಾರತ್ತಹಳ್ಳಿಯ ಒಂದು ಪಿ.ಜಿ.ಯಲ್ಲಿ ಊರಿನ ನಾಲ್ಕೈದು ಹುಡುಗರು ಒಟ್ಟಿಗಿದ್ದಾರೆ. ಒಬ್ಬ ರಿಂಗ್ ರೋಡಿನ ಸಾಫ್ಟ್‌ವೇರ್ ಕಂಪೆನಿಯಲ್ಲಿ, ಒಬ್ಬ ಸೂಪರ್ ಮಾರ್ಕೆಟಿನಲ್ಲಿ, ಮತ್ತೊಬ್ಬ ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದಾನೆ. ಈ ಮೂರನೆಯವನಿಗೆ ಗಲ್ಫಿನ ಕಂಪೆನಿಯೊಂದರ ಹೆಸರಿನಲ್ಲಿ ಇಮೇಲ್ ಬಂತು. ಆಫರ್ ಲೆಟರ್, ಮೊಹರು, ಸಹಿ ಎಲ್ಲವೂ ಇತ್ತು. ವೀಸಾ ಖರ್ಚು, ಮೆಡಿಕಲ್ ಖರ್ಚು ಎಂದು ಎರಡು ಕಂತಿನಲ್ಲಿ 18,500 ರೂಪಾಯಿ ಕಳಿಸಿದ. ಆಮೇಲೆ ಆ ಕಡೆಯಿಂದ ಸದ್ದೇ ಇಲ್ಲ.

ರವಿವಾರ ಗೆಳೆಯರೆಲ್ಲ ಸೇರಿ ಸೇಡು ತೀರಿಸಿದರು. ಆ ವಂಚಕನ ಇಮೇಲ್ ವಿಳಾಸವನ್ನು ನೂರಾರು ಜಾಹೀರಾತು ಪಟ್ಟಿಗಳಿಗೆ ಸೇರಿಸಿದರು. ಅವನ ಇನ್‌ಬಾಕ್ಸ್ ಕೆಟ್ಟು ಕೆರ ಹಿಡಿಯಲಿ ಎಂಬುದು ಲೆಕ್ಕಾಚಾರ. ಬಳಿಕ ನಮಗೆ ಫೋನ್ ಮಾಡಿ, “ನಾವು ಮಾಡಿದ್ದು ಸರಿಯಲ್ವಾ? ಪೇಪರಲ್ಲಿ ಬರೀರಿ, ಎಲ್ಲರೂ ಹೀಗೇ ಮಾಡಿದ್ರೆ ಕಳ್ಳರು ಬುದ್ಧಿ ಕಲೀತಾರೆ” ಎಂದರು.

ಆ ಹುಡುಗರ ಸಿಟ್ಟು ನಮಗೆ ಅರ್ಥವಾಗುತ್ತದೆ. ಕೇಂದ್ರ ಸರಕಾರ ಸಂಸತ್ತಿಗೆ ಕೊಟ್ಟ ಲೆಕ್ಕದ ಪ್ರಕಾರ 2024ರಲ್ಲಿ ಸೈಬರ್ ವಂಚನೆಯಿಂದ ದೇಶದ ಜನ ಕಳೆದುಕೊಂಡದ್ದು 22,845 ಕೋಟಿ ರೂಪಾಯಿಗೂ ಹೆಚ್ಚು. ಹಿಂದಿನ ವರ್ಷದ ಮೂರು ಪಟ್ಟು. ಇಷ್ಟು ದೊಡ್ಡ ಲೂಟಿ ನಡೆಯುವಾಗ ಕೈಕಟ್ಟಿ ಕೂರಿ ಎಂದು ನಾವು ಹೇಳುವುದಿಲ್ಲ. ಆದರೆ ಈ ದಾರಿ ಸರಿಯೇ ಎಂದು ಕೇಳಿದರೆ, ಅಲ್ಲ ಎನ್ನಬೇಕಾಗುತ್ತದೆ.

ಮೊದಲನೆಯದಾಗಿ, ಏಟು ಯಾರಿಗೆ ಬೀಳುತ್ತದೆ? ಇಮೇಲಿನಲ್ಲಿ ‘ಕಳುಹಿಸಿದವರು’ ಎಂದು ಕಾಣುವ ವಿಳಾಸ ಲಕೋಟೆಯ ಹಿಂದೆ ಬರೆದ ಹೆಸರಿನಂತೆ. ಯಾರ ಹೆಸರನ್ನೂ ಬರೆಯಬಹುದು. ಎಷ್ಟೋ ಸಲ ಅದು ಪಾಸ್‌ವರ್ಡ್ ಕಳಕೊಂಡ ಯಾವುದೋ ಟೀಚರಿನದ್ದೋ, ಸಣ್ಣ ವ್ಯಾಪಾರಿಯದ್ದೋ ಖಾತೆಯಾಗಿರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಶಿಕ್ಷೆ ಅವರಿಗಾಗುತ್ತದೆ. ವಿಳಾಸ ನಿಜವಾಗಿ ವಂಚಕನದ್ದೇ ಆಗಿದ್ದರೂ ಅವನಿಗೆ ನಷ್ಟವೇನು? ಎರಡು ನಿಮಿಷದಲ್ಲಿ ಹೊಸದು ಮಾಡಿಕೊಳ್ಳುತ್ತಾನೆ, ಅದೂ ಪುಕ್ಕಟೆ.

ಇದನ್ನು ನಮಗಿಂತ ದೊಡ್ಡವರು ಮಾಡಿ ನೋಡಿದ್ದಾರೆ. 2004ರ ಕೊನೆಯಲ್ಲಿ ಲೈಕೋಸ್ ಯುರೋಪ್ ಎಂಬ ಕಂಪೆನಿ, ಸ್ಪ್ಯಾಮ್ ಕಳಿಸುವವರ ವೆಬ್‌ಸೈಟುಗಳಿಗೆ ಜನರ ಕಂಪ್ಯೂಟರಿನಿಂದಲೇ ಮುತ್ತಿಗೆ ಹಾಕುವ ಸ್ಕ್ರೀನ್ ಸೇವರ್ ಹಂಚಿತು. ಟೀಕೆ ಬಂದು ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡಿತು. ಬಳಿಕ ಇಸ್ರೇಲಿನ ಬ್ಲೂ ಸೆಕ್ಯುರಿಟಿ ಕಂಪೆನಿ ‘ಬ್ಲೂ ಫ್ರಾಗ್’ ಎಂಬ ವ್ಯವಸ್ಥೆ ತಂದಿತು. ಸದಸ್ಯರಿಗೆ ಒಂದು ಸ್ಪ್ಯಾಮ್ ಬಂದರೆ ಅದರ ಜಾಹೀರಾತುದಾರನಿಗೆ ‘ಕಳಿಸಬೇಡ’ ಎಂಬ ಒಂದು ದೂರು ಹೋಗುತ್ತಿತ್ತು. ಲಕ್ಷಾಂತರ ಮಂದಿ ಸೇರಿದರು, ಕೆಲವು ಸ್ಪ್ಯಾಮರುಗಳು ಬಗ್ಗಿದ್ದೂ ಹೌದು. ಆದರೆ 2006ರ ಮೇ ತಿಂಗಳಲ್ಲಿ ಸ್ಪ್ಯಾಮರುಗಳೇ ತಿರುಗಿಬಿದ್ದು ಕಂಪೆನಿಯ ಮೇಲೆ ದಾಳಿ ಮಾಡಿದರು. ಆ ಗಲಾಟೆಯಲ್ಲಿ ಇದಕ್ಕೆ ಸಂಬಂಧವೇ ಇಲ್ಲದವರ ವೆಬ್‌ಸೈಟುಗಳೂ ಮುಳುಗಿದವು. ಅದೇ ತಿಂಗಳು ಬ್ಲೂ ಸೆಕ್ಯುರಿಟಿ ಕೈಚೆಲ್ಲಿತು. ಹಣ, ಇಂಜಿನಿಯರುಗಳು ಇದ್ದ ಕಂಪೆನಿಯ ಪಾಡೇ ಹೀಗಾದರೆ ಪಿ.ಜಿ.ಯ ವೈಫೈ ನಂಬಿ ಯುದ್ಧಕ್ಕೆ ಹೊರಟವರ ಪಾಡೇನು?

ಕಾನೂನನ್ನೂ ನೋಡಬೇಕು. ಬೇರೆಯವರ ಕಂಪ್ಯೂಟರ್ ವ್ಯವಸ್ಥೆ ಕೆಲಸ ಮಾಡದಂತೆ ತಡೆಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್‌ನಲ್ಲಿ ಬರುತ್ತದೆ. ದುರುದ್ದೇಶದಿಂದ ಮಾಡಿದರೆ 66ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ‘ಅವನು ಮೊದಲು ಮೋಸ ಮಾಡಿದ’ ಎಂಬುದು ಅಲ್ಲಿ ರಕ್ಷಣೆಯಾಗದು. ಹಣ ಕಳಕೊಂಡವನೇ ಆರೋಪಿಯಾಗಿ ನಿಲ್ಲುವ ಗತಿ ನಮ್ಮ ಯಾವ ಮಗನಿಗೂ ಬೇಡ.

ವಂಚಕನ ಸಮಯ ಹಾಳುಮಾಡುವುದು ಒಳ್ಳೆಯದಲ್ವಾ ಎಂದು ಕೇಳುವವರಿದ್ದಾರೆ. ಅದರಲ್ಲಿ ಹುರುಳಿದೆ. ಬ್ರಿಟನ್ನಿನ ಓಟೂ ಟೆಲಿಫೋನ್ ಕಂಪೆನಿ 2024ರ ನವೆಂಬರಿನಲ್ಲಿ ‘ಡೈಸಿ’ ಎಂಬ ಕೃತಕ ಬುದ್ಧಿಮತ್ತೆಯ ಅಜ್ಜಿಯನ್ನೇ ತಯಾರಿಸಿತು. ಮೊಮ್ಮಕ್ಕಳ ಕತೆ, ಬೆಕ್ಕಿನ ಕತೆ ಹೇಳುತ್ತಾ ಆಕೆ ವಂಚಕರನ್ನು ಫೋನಿನಲ್ಲಿ ನಲವತ್ತು ನಿಮಿಷದವರೆಗೂ ಹಿಡಿದಿಟ್ಟಳಂತೆ. ಆದರೆ ಆಕೆಗೆ ಕಳಕೊಳ್ಳಲು ಬ್ಯಾಂಕ್ ಖಾತೆಯಿಲ್ಲ, ಊರಿನಲ್ಲಿ ಉಮ್ಮ ಇಲ್ಲ. ನಮ್ಮ ಸ್ವಂತ ಇಮೇಲಿನಿಂದ ಉತ್ತರ ಕೊಟ್ಟರೆ, ಈ ವಿಳಾಸದಲ್ಲಿ ಜನ ಇದ್ದಾರೆ ಎಂದು ನಾವೇ ಹೇಳಿಕೊಟ್ಟಂತೆ.

ಇನ್ನೊಂದು ಮಾತು ಮನಸ್ಸಿಗೆ ಕಷ್ಟವಾಗುವಂಥದ್ದು. ಆ ಕಡೆ ಕೀಬೋರ್ಡ್ ಮುಂದೆ ಕೂತವನು ಯಾರು? ಮ್ಯಾನ್ಮಾರಿನಲ್ಲಿ ಕನಿಷ್ಠ 1,20,000 ಮಂದಿಯನ್ನು, ಕಾಂಬೋಡಿಯಾದಲ್ಲಿ ಸುಮಾರು ಒಂದು ಲಕ್ಷ ಮಂದಿಯನ್ನು ಬಲವಂತದಿಂದ ಆನ್‌ಲೈನ್ ವಂಚನೆಯ ಕೆಲಸಕ್ಕೆ ಹಚ್ಚಿರಬಹುದು ಎಂದು 2023ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಹೇಳಿತ್ತು. 2025ರ ಮಾರ್ಚ್‌ನಲ್ಲಿ ಭಾರತ ಸರಕಾರ ಇಂಥ ಕೇಂದ್ರಗಳಿಂದ ಬಿಡಿಸಿದ 549 ಮಂದಿಯನ್ನು ವಾಯುಪಡೆಯ ವಿಮಾನಗಳಲ್ಲಿ ಮರಳಿ ಕರೆತಂದಿತು. ಅವರಲ್ಲಿ ಬಹಳಷ್ಟು ಮಂದಿಯನ್ನು ಅಲ್ಲಿಗೆ ಎಳೆದದ್ದು ವಿದೇಶದ ಕೆಲಸದ ಆಸೆಯೇ. ನಮ್ಮ ಹುಡುಗ 18,500 ರೂಪಾಯಿಯಲ್ಲಿ ಪಾರಾದ. ಅಂಥದ್ದೇ ಆಫರ್ ನಂಬಿ ವಿಮಾನ ಹತ್ತಿದ್ದರೆ?

ಹಾಗಾದರೆ ಹೊಡೆಯಬೇಕಾದದ್ದು ಎಲ್ಲಿಗೆ? ವಂಚಕನಿಗೆ ಇಮೇಲ್ ಪುಕ್ಕಟೆ, ಬ್ಯಾಂಕ್ ಖಾತೆ ಪುಕ್ಕಟೆಯಲ್ಲ. ಹಣ ಬಂದು ಬೀಳಲು ಯಾರದ್ದೋ ಹೆಸರಿನ ಖಾತೆ ಬೇಕು, ಅದಕ್ಕೆ ಬಾಡಿಗೆ ಕೊಡಬೇಕು. ಆ ಖಾತೆ ಸ್ತಂಭಿಸಿದರೆ ಮಾತ್ರ ಅವನಿಗೆ ನೋಯುತ್ತದೆ. ಹಣ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ದಾಖಲಿಸಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಯಬೇಕಾದರೆ ಮೊದಲ ಒಂದೆರಡು ಗಂಟೆಯೇ ಮುಖ್ಯ. ವಹಿವಾಟಿನ ಸಂಖ್ಯೆ, ಸಮಯ, ಹಣ ಹೋದ ಖಾತೆಯ ಅಥವಾ ಯುಪಿಐ ವಿವರ ಕೈಯಲ್ಲಿರಲಿ. ಇಮೇಲ್ ಅಳಿಸಬೇಡಿ, ಅದು ಬಂದ ದಾರಿಯ ಗುರುತು ಅದರೊಳಗೇ ಇರುತ್ತದೆ. ಜೀಮೇಲಿನಲ್ಲಿ ‘ಫಿಶಿಂಗ್’ ಎಂದು ವರದಿ ಮಾಡುವ ಗುಂಡಿ ಒತ್ತಿ. ಅಂಥದ್ದೇ ಇಮೇಲ್ ಇನ್ನೊಬ್ಬರನ್ನು ತಲುಪದಂತೆ ತಡೆಯಲು ಅದು ನೆರವಾಗುತ್ತದೆ. ಗಲ್ಫ್ ಕೆಲಸದ ಆಫರ್ ಬಂದರೆ, ಏಜೆಂಟ್ ನೋಂದಾಯಿತನೇ ಎಂದು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ನೋಡದೆ ಒಂದು ರೂಪಾಯಿ ಕೊಡಬೇಡಿ.

ಇಮೇಲ್ ಮುತ್ತಿಗೆ ಕಳ್ಳರದ್ದೂ ಆಯುಧ. ನಿಮ್ಮ ಇನ್‌ಬಾಕ್ಸಿಗೆ ಇದ್ದಕ್ಕಿದ್ದಂತೆ ನೂರಾರು ಜಾಹೀರಾತು ಬಂದು ಬಿದ್ದರೆ ತಮಾಷೆ ಅಂದುಕೊಳ್ಳಬೇಡಿ. ಖಾತೆಯಿಂದ ಹಣ ತೆಗೆದು, ಬ್ಯಾಂಕಿನ ಎಚ್ಚರಿಕೆ ಕಣ್ಣಿಗೆ ಬೀಳದಿರಲಿ ಎಂದು ಹೀಗೆ ಮಾಡುವುದುಂಟು. ಮೊದಲು ಖಾತೆ ನೋಡಿ.

ನಮ್ಮವರೊಳಗೇ ಆಡಬೇಕಾದ ಮಾತೂ ಒಂದಿದೆ. ‘ನಿನ್ನ ಖಾತೆಯನ್ನು ಸ್ವಲ್ಪ ದಿನ ಕೊಡು, ಕಮಿಷನ್ ಕೊಡ್ತೇನೆ’ ಎಂದು ಕಾಲೇಜು ಹುಡುಗರ ಹಿಂದೆ ಬೀಳುವವರಿದ್ದಾರೆ. ಎಟಿಎಂ ಕಾರ್ಡು, ಸಿಮ್ ಕೊಟ್ಟು ನಾಲ್ಕು ಕಾಸು ಸಂಪಾದಿಸಿದವನ ಮನೆಗೆ ನಾಳೆ ಯಾವ ರಾಜ್ಯದ ಪೊಲೀಸರೂ ಬರಬಹುದು. ನಮ್ಮ ಒಬ್ಬ ಹುಡುಗ ಕಳಕೊಂಡ ಹಣ ನಮ್ಮದೇ ಇನ್ನೊಬ್ಬ ಹುಡುಗನ ಖಾತೆಯ ಮೂಲಕ ಹಾದುಹೋಗಬಾರದು. ಇದನ್ನು ಜಮಾಅತ್ ಸಭೆಗಳಲ್ಲಿ, ಮನೆಯ ಊಟದ ಹೊತ್ತಿನಲ್ಲಿ ಬಾಯಿಬಿಟ್ಟು ಹೇಳಬೇಕು.

ಆ ದಿನ ಫೋನಿನಲ್ಲಿ ನಾವು ಕೇಳಿದ್ದು ಒಂದೇ ಪ್ರಶ್ನೆ: “1930ಕ್ಕೆ ಫೋನ್ ಮಾಡಿದ್ಯಾ?” ಸ್ವಲ್ಪ ಹೊತ್ತು ಮೌನ. “ಇಲ್ಲ, ಕೇಸು ಅಂತ ಆದ್ರೆ ಮನೆಗೆ ಗೊತ್ತಾಗ್ತದೆ. ಉಪ್ಪ ಬೈತಾರೆ.” ಅಷ್ಟರಲ್ಲಿ ಹಣ ಹೋಗಿ ಆರು ದಿನ ಕಳೆದಿತ್ತು. ಸೇಡಿಗೆ ಇಡೀ ರವಿವಾರ ಸಿಕ್ಕಿತು, ದೂರಿಗೆ ಹತ್ತು ನಿಮಿಷ ಸಿಗಲಿಲ್ಲ. ಆತ ಮರುದಿನ ದೂರು ಕೊಟ್ಟಿದ್ದಾನೆ. ಹಣ ಬಂದಿಲ್ಲ.

ಆ ಆರು ದಿನಕ್ಕೆ ಕಾರಣ ನಾಚಿಕೆ ಮತ್ತು ಮನೆಯವರ ಭಯ. ಅದನ್ನು ತೆಗೆಯಬೇಕಾದವರು ಹಿರಿಯರು. ಮಗ ಮೋಸ ಹೋಗಿ ಬಂದರೆ ಬೈಗುಳ ನಾಳೆಗಿರಲಿ ಮಾರಾಯ್ರೆ, ಮೊದಲು ಅವನ ಪಕ್ಕದಲ್ಲಿ ಕೂತು 1930 ಒತ್ತಿ.