ಮನೆವಾರ್ತೆ: ಕಪಾಟಿನೊಳಗಿನ ರಿವಾಲ್ವರ್



ಮಳೆಗಾಲದಲ್ಲಿ ಕಾವಲಿ, ಈಳಿಗೆ, ಕುಡಗೋಲುಗಳಿಗೆ ತುಕ್ಕು ಹಿಡಿಯದಂತೆ ಕಾಪಾಡುವ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಒಂದು ಜೋಯಿಡಾ ಕಡೆಯ ತೋಟದ ಮನೆಯ ಸೋದರಿಯದು. ಅವರು ಬರೆಯುತ್ತಾರೆ: "ಅಕ್ಕಾ, ನೀವು ಈಳಿಗೆಯ ವಿಷಯ ಹೇಳಿದಿರಿ. ನಮ್ಮನೆಯಲ್ಲಿ ಯಜಮಾನರ ರಿವಾಲ್ವರ್ ಇದೆ. ಅವರು ತೀರಿಕೊಂಡ ಮೇಲೆ ಅದನ್ನು ಠಾಣೆಯಲ್ಲಿ ಒಪ್ಪಿಸಿ, ಓಡಾಡಿ, ಲೈಸೆನ್ಸು ನನ್ನ ಹೆಸರಿಗೆ ಮಾಡಿಸಿಕೊಂಡೆ. ಆದರೆ ಅದರ ಹಿಡಿ ನನ್ನ ಕೈಗೆ ದೊಡ್ಡದು. ಅಣ್ಣನ ಮಗ, 'ಇದನ್ನ ಕೊಟ್ಟು ಸಣ್ಣದೊಂದು ಮ್ಯಾಗ್ನಂ ತಗೋ ಅತ್ತೆ' ಅನ್ನುತ್ತಾನೆ. ಏನು ಮಾಡಲಿ? ಈ ಮಳೆಯಲ್ಲಿ ಅದನ್ನು ಹೇಗೆ ಇಡಲಿ?"

ಅಡುಗೆ, ಹೊಲಿಗೆಯ ಪುಟಗಳ ನಡುವೆ ರಿವಾಲ್ವರೇ ಎಂದು ಹುಬ್ಬೇರಿಸಬೇಡಿ. ನಮ್ಮ ದಾಂಡೇಲಿ, ಹಳಿಯಾಳ, ಮುಂಡಗೋಡ ಕಡೆ ಬೆಳೆ ಕಾಯಲು ಲೈಸೆನ್ಸಿನ ಬಂದೂಕು ಇಟ್ಟ ಮನೆಗಳು ಹಿಂದಿನಿಂದಲೂ ಇವೆ. ಗುತ್ತಿಗೆ, ವ್ಯಾಪಾರ ಮಾಡುವವರ ಕೆಲವು ಮನೆಗಳಲ್ಲಿ ರಿವಾಲ್ವರೂ ಇದೆ. ಲೈಸೆನ್ಸು ಗಂಡಸರ ಹೆಸರಿನಲ್ಲಿದ್ದರೂ ಅದು ಇರುವುದು ನಾವು ದಿನಾ ಸೀರೆ ಮಡಚಿಡುವ ಕಪಾಟಿನಲ್ಲೇ ಅಲ್ಲವೇ? ಹಾಗಾಗಿ ಅದರ ವಿಷಯ ನಮಗೂ ಗೊತ್ತಿರಬೇಕು.

ನನಗೆ ಇದು ಗೊತ್ತಾದ ಬಗೆ ಹೇಳಿಬಿಡುತ್ತೇನೆ. ನಮ್ಮವರ ಹತ್ತಿರ 32 ಬೋರಿನ ರಿವಾಲ್ವರ್ ಇದೆ. ಪ್ರತಿ ವರ್ಷ ಖಂಡೆಪೂಜೆಯ ದಿನ ಕುಡಗೋಲು, ಕೊಡಲಿ, ಹೊಲಿಗೆ ಯಂತ್ರಗಳ ಜೊತೆ ಅದನ್ನೂ ಮಣೆಯ ಮೇಲಿಟ್ಟು ಪೂಜಿಸುವುದು ನಮ್ಮ ಪದ್ಧತಿ. ಆ ವರ್ಷ ನನ್ನ ಮಗಳಿಗೆ ಏಳು ವರ್ಷ. "ನಾನು ಕುಂಕುಮ ಹಚ್ತೀನಿ" ಎಂದು ಕೂತಳು. ನಾನು "ರೀ, ಒಮ್ಮೆ ನೋಡ್ರಿ" ಅಂದೆ. "ಖಾಲಿ ಐತಿ ಬಿಡ, ಏನೂ ಆಗೂದಿಲ್ಲ" ಅಂದರು. ಮಗಳು ಒಂದು ಕೈಯಲ್ಲಿ ಅದರ ಹಿಡಿ ಹಿಡಿದು ಇನ್ನೊಂದು ಕೈಯಿಂದ ಕುಂಕುಮ ಹಚ್ಚಿದಳು. ಸೈನ್ಯದಿಂದ ನಿವೃತ್ತರಾದ ನನ್ನ ಮೈದುನ ಆಗ ತಾನೇ ಒಳಗೆ ಬಂದರು. ಮಾತಾಡದೆ ಅದನ್ನು ತೆಗೆದುಕೊಂಡು ಬಿಚ್ಚಿ ನೋಡಿದರು. ಆರು ಮನೆಗಳಲ್ಲಿ ಒಂದರಲ್ಲಿ ಗುಂಡು ಇತ್ತು. ಹಿಂದಿನ ತಿಂಗಳು ನಮ್ಮವರು ಹಣ ತೆಗೆದುಕೊಂಡು ರಾತ್ರಿ ಪ್ರಯಾಣ ಮಾಡಿದ್ದರು. ಬಂದ ಮೇಲೆ ಗುಂಡು ತೆಗೆಯುವಾಗ ಒಂದು ಉಳಿದುಬಿಟ್ಟಿತ್ತು.

"ವೈನಿ, ಖಾಲಿ ಐತಿ ಅಂತ ಅಂದ್ಕೊಂಡ ಪಿಸ್ತೂಲಿಗೇ ಹೆಚ್ಚು ಹೆದರಬೇಕು" ಅಂದರು ಮೈದುನ. ಆ ದಿನ ಮಾಡಿದ ಹೋಳಿಗೆ ನಮ್ಮ ಗಂಟಲಲ್ಲಿ ಇಳಿಯಲಿಲ್ಲ. ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಅವಳನ್ನು ನೋಡಿದಾಗೆಲ್ಲ ಆ ಮಣೆ ನನ್ನ ಕಣ್ಣಮುಂದೆ ಬರುತ್ತದೆ. ಮುಂದೆ ನಾನು ಹೇಳುವುದೆಲ್ಲ ಆ ಮೈದುನ ಕೂರಿಸಿಕೊಂಡು ಕಲಿಸಿದ್ದು.

ಹಿಡಿಯ ವಿಷಯ

ಹಿಡಿ ಸರಿಯಿಲ್ಲದ ಕುಡಗೋಲು ಕೈಯಲ್ಲಿ ಗುಳ್ಳೆ ಎಬ್ಬಿಸುತ್ತದೆ. ಹಿಡಿ ಸರಿಯಿಲ್ಲದ ರಿವಾಲ್ವರ್ ಗುಂಡನ್ನೇ ಬೇರೆ ಕಡೆ ಕಳಿಸುತ್ತದೆ. ಆದ್ದರಿಂದ ಚೆಂದ ನೋಡಿ ಹಿಡಿ ಆರಿಸಬಾರದು. ಪೂರ್ತಿ ಖಾಲಿ ಮಾಡಿ, ಎರಡು ಸಲ ನೋಡಿ, ಬರಿಯ ಗೋಡೆಯ ಕಡೆ ಮುಖ ಮಾಡಿ ಹಿಡಿದು ನೋಡಬೇಕು. ನಳಿಗೆ ನಿಮ್ಮ ಮುಂಗೈಯ ನೇರಕ್ಕೆ ನಿಲ್ಲಬೇಕು. ತೋರುಬೆರಳಿನ ತುದಿಯ ಮೆತ್ತನೆ ಭಾಗ ಟ್ರಿಗರಿಗೆ ಸಲೀಸಾಗಿ ತಾಗಬೇಕು. ಅದಕ್ಕಾಗಿ ಕೈಯನ್ನು ಪಕ್ಕಕ್ಕೆ ತಿರುಗಿಸಬೇಕಾದರೆ ಹಿಡಿ ದಪ್ಪವಾಯಿತು. ಕಿರುಬೆರಳು ಕೆಳಗೆ ಆಧಾರವಿಲ್ಲದೆ ತೂಗಿದರೆ ಗಿಡ್ಡವಾಯಿತು.

ಮರದ ಹಿಡಿ ಬಾಳಿಕೆಯದು. ಆದರೆ ನುಣುಪಾಗಿದ್ದರೆ ಬೆವರು ಕೈಯಲ್ಲಿ ಜಾರುತ್ತದೆ. ಸಣ್ಣ ಗೀರುಗಳ ಚೌಕುಳಿ ಇದ್ದರೆ ಕಚ್ಚಿ ನಿಲ್ಲುತ್ತದೆ. ರಬ್ಬರಿನ ಹಿಡಿ ಗುಂಡು ಹಾರಿದಾಗಿನ ಒದೆತವನ್ನು ಅಷ್ಟಿಷ್ಟು ನುಂಗುತ್ತದೆ, ಸಣ್ಣ ಕೈಗೆ ಹಿತ. ಆದರೆ ಎಣ್ಣೆ ತಾಗುತ್ತಿದ್ದರೆ ಉಬ್ಬಿ ಅಂಟಂಟಾಗುತ್ತದೆ.

ನಮ್ಮ ಕಡೆ ಒಳ್ಳೆಯ ಬಡಿಗರಿಗೆ ಕೊರತೆಯಿಲ್ಲ. ಸಾಗವಾನಿಯಲ್ಲಿ ಹೊಸ ಹಿಡಿ ಕೆತ್ತಿಸೋಣ ಎಂದು ಯಾರಿಗಾದರೂ ಅನ್ನಿಸೀತು. ಆದರೆ ರಿವಾಲ್ವರನ್ನು ಬಡಿಗನ ಮನೆಗೆ ಒಯ್ದು ಬಿಟ್ಟು ಬರಬಾರದು. ಲೈಸೆನ್ಸಿಲ್ಲದವರ ಕೈಗೆ ಅದನ್ನು ಕೊಡುವುದು ಅಪರಾಧ. ಲೈಸೆನ್ಸು ಇರುವ ಬಂದೂಕು ರಿಪೇರಿಯವರಲ್ಲೇ ಹಿಡಿ ಬದಲಾಯಿಸಿಕೊಳ್ಳಿ. ಎರಡು ಕಡೆಯ ಮರದ ಚಿಪ್ಪುಗಳನ್ನು ಹಿಡಿದಿಡುವ ಸ್ಕ್ರೂ ಬಿಗಿಯಾಗಿ ಕೂತರೆ ಸಾಕು. ಶಕ್ತಿಯೆಲ್ಲ ಹಾಕಿ ತಿರುಗಿಸಿದರೆ ಮಳೆಗಾಲದಲ್ಲಿ ಮರ ಉಬ್ಬಿದಾಗ ಸೀಳುತ್ತದೆ.

ಸಣ್ಣದು, ಹಗುರದ್ದು, ಮ್ಯಾಗ್ನಂ

ಅಣ್ಣನ ಮಗನ ಮಾತಿಗೆ ಬರೋಣ. ಮ್ಯಾಗ್ನಂ ಎಂದರೆ ದೊಡ್ಡ ಗಾತ್ರದ ದ್ರಾಕ್ಷಾರಸದ ಬಾಟಲಿಗೆ ಇರುವ ಹೆಸರು. ಮದ್ದು ಜಾಸ್ತಿ ತುಂಬಿದ ಗುಂಡಿಗೂ ಅದೇ ಹೆಸರು ಬಂತು. ಹೆಸರಾದ 357 ಮ್ಯಾಗ್ನಂ 1935ರಲ್ಲಿ ಅಮೆರಿಕದಲ್ಲಿ ಬಂದದ್ದು. ಮದ್ದಿನ ಬಲ ಹೆಚ್ಚಿ, ರಿವಾಲ್ವರಿನ ತೂಕ ಕಡಿಮೆಯಾದಷ್ಟೂ ಒದೆತ ನಮ್ಮ ಮಣಿಕಟ್ಟಿಗೇ ಬರುತ್ತದೆ. ಸಣ್ಣ ರಿವಾಲ್ವರು ಸಣ್ಣ ಕೈಗೆ ಸುಲಭ ಎಂದು ನಾವು ತಿಳಿಯುತ್ತೇವೆ, ಮ್ಯಾಗ್ನಂ ವಿಷಯದಲ್ಲಿ ಅದು ತಿರುಗುಮುರುಗು.

ನಮ್ಮ ದೇಶದ ಸರ್ಕಾರಿ ಕಾರ್ಖಾನೆ ನಾಗರಿಕರಿಗಾಗಿ ಮಾಡುವ ರಿವಾಲ್ವರಿನಲ್ಲಿ ರೂಢಿಯಲ್ಲಿರುವುದು 32 ಬೋರು, ಇದರ ಒದೆತ ಮೃದು. 2014ರಲ್ಲಿ ಕಾನ್ಪುರದ ಕಾರ್ಖಾನೆ ಹೆಂಗಸರಿಗೆಂದೇ 'ನಿರ್ಭೀಕ್' ಎಂಬ ರಿವಾಲ್ವರ್ ಹೊರತಂದಿತು. ಅದೂ 32 ಬೋರಿನದೇ, ತೂಕ ಸುಮಾರು ಅರ್ಧ ಕಿಲೋ. ಬೆಲೆ ಮಾತ್ರ ಆಗಲೇ ಒಂದು ಲಕ್ಷದ ಮೇಲೆ. ಇಷ್ಟು ದುಡ್ಡು ಕೊಟ್ಟು ಕೊಳ್ಳುವವಳು ಯಾವ ಹೆಂಗಸು, ಹೆಂಗಸರ ಭಯಕ್ಕೆ ಇದು ಉತ್ತರವೇ ಎಂದು ಆಗ ಬಹಳ ಜನ ಕೇಳಿದರು. ನನಗೂ ಹಾಗೇ ಅನ್ನಿಸಿತ್ತು.

ಇನ್ನೊಂದು ಎಚ್ಚರ. ಲೈಸೆನ್ಸಿನಲ್ಲಿ ಬರೆದಿರುವ, ನಳಿಗೆಯ ಮೇಲೆ ಕೆತ್ತಿರುವ ಗುಂಡನ್ನು ಬಿಟ್ಟು ಬೇರೆ ಯಾವುದನ್ನೂ, ಒಳಗೆ ಹೋಗುತ್ತದೆ ಎಂದು ಹಾಕಬಾರದು.

ಒರೆಸಿ ಇಡುವ ಕ್ರಮ

ಈ ಕೆಲಸವನ್ನು ಲೈಸೆನ್ಸು ಯಾರ ಹೆಸರಿನಲ್ಲಿದೆಯೋ ಅವರೇ ಮಾಡಲಿ. ನಾವು ಎದುರಿಗೆ ಕೂತು ಮಾಡಿಸೋಣ. (ಬೇರೆ ಕೆಲಸಗಳನ್ನೂ ಹೀಗೇ ಮಾಡಿಸಿ ನಮಗೆ ಅಭ್ಯಾಸವಿದೆ!)

1. ಮೊದಲು ಗುಂಡು ತೆಗೆದು ಬೇರೆ ಕೋಣೆಯಲ್ಲಿಡಿ. ಆಮೇಲೆ ಆರು ಮನೆಗಳನ್ನೂ ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ಎಣಿಸಿ. ಮನೆಯಲ್ಲಿರುವ ಇನ್ನೊಬ್ಬರೂ ನೋಡಲಿ.

2. ಅಡುಗೆಮನೆಯಲ್ಲಿ ಈ ಕೆಲಸ ಬೇಡ. ಹಾರಿಸಿದ ರಿವಾಲ್ವರಿನ ಮಸಿಯಲ್ಲಿ ಸೀಸ ಇರುತ್ತದೆ. ಅದು ಹೊಟ್ಟೆಗೆ ಹೋಗಬಾರದು. ತೊಳೆಯುವ ದ್ರಾವಣಕ್ಕೆ ಬೆಂಕಿಯೂ ಹತ್ತೀತು. ಗಾಳಿಯಾಡುವ ಪಡಸಾಲೆಯಲ್ಲಿ ಹಳೆ ಪೇಪರ್ ಹಾಸಿ ಮಾಡಿ, ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ.

3. ನಳಿಗೆಗೂ ಆರು ಮನೆಗಳಿಗೂ ಅಳತೆಯ ಬ್ರಷ್ಷಿಗೆ ದ್ರಾವಣ ಹಚ್ಚಿ ಆಡಿಸಿ. ಬಿಳಿ ಬಟ್ಟೆಯ ತುಂಡು ಮಸಿಯಾಗದೆ ಹೊರಬರುವ ತನಕ ಒರೆಸಿ. ಖಾಲಿ ತೋಟಾಗಳನ್ನು ಹೊರದೂಡುವ ನಕ್ಷತ್ರದಂಥ ಭಾಗದ ಕೆಳಗೆ ಕಸ ಸೇರುತ್ತದೆ. ಅಲ್ಲಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು.

4. ಎಣ್ಣೆ ಒಂದೆರಡು ಹನಿ ಮಾತ್ರ, ತಿರುಗುವ ಜಾಗಗಳಿಗೆ. ಮೇಲ್ಮೈಗೆ ಎಣ್ಣೆಬಟ್ಟೆಯಿಂದ ತೆಳುವಾಗಿ ಒರೆಸಿ. ದಯವಿಟ್ಟು ಕೊಬ್ಬರಿ ಎಣ್ಣೆ ಹಚ್ಚಬೇಡಿ, ಅದು ದಿನ ಕಳೆದಂತೆ ಜಿಡ್ಡುಗಟ್ಟಿ ಒಳಗಿನ ಭಾಗ ಹಿಡಿದುಕೊಳ್ಳುತ್ತದೆ. ಬಂದೂಕಿನ ಎಣ್ಣೆ ಸಿಗದ ಹೊತ್ತಿಗೆ ಹೊಲಿಗೆ ಯಂತ್ರದ ಎಣ್ಣೆ ಆದೀತು. ಗುಂಡು ಕೂರುವ ಮನೆಗಳನ್ನು ಮಾತ್ರ ಒಣಗಿಸಿಯೇ ಇಡಬೇಕು, ಎಣ್ಣೆ ಇಳಿದರೆ ಗುಂಡು ಕೆಡುತ್ತದೆ.

5. ಹಿತ್ತಾಳೆಯ ತೋಟಾ ಮಂಕಾಗಿದೆ ಎಂದು ಹುಣಸೆಹಣ್ಣು ಹಚ್ಚಿ ತಿಕ್ಕುವುದು, ತುಕ್ಕಿಗೆ ಬೂದಿ, ಮರಳುಕಾಗದ ಹಾಕುವುದು ಬೇಡವೇ ಬೇಡ. ತುಕ್ಕು ಆಳವಾಗಿದ್ದರೆ ರಿಪೇರಿಯವರಿಗೆ ತೋರಿಸಿ.

6. ಸಿನಿಮಾದವರಂತೆ ಕೈ ಝಾಡಿಸಿ ಫಟ್ಟನೆ ಮುಚ್ಚಬೇಡಿ. ಕೀಲು ಸೊಟ್ಟಗಾದರೆ ಗುಂಡಿನ ಮನೆ ನಳಿಗೆಯ ನೇರಕ್ಕೆ ಕೂರುವುದಿಲ್ಲ.

ನಮ್ಮ ಮಳೆ

ಜೋಯಿಡಾದ ಮಳೆಯಲ್ಲಿ ಬೀರುವಿನೊಳಗಿನ ಸೀರೆಗೇ ಬೂಸು ಬರುತ್ತದೆ. ಅಲ್ಲಿ ರಿವಾಲ್ವರಿನ ದೊಡ್ಡ ಶತ್ರು ಅದರ ಚರ್ಮದ ಚೀಲವೇ. ಚರ್ಮ ತೇವ ಹೀರಿ ಕಬ್ಬಿಣಕ್ಕೆ ಅಂಟಿಸಿಕೊಂಡಿರುತ್ತದೆ. ನಮ್ಮನೆಯಲ್ಲಿ ಒಂದು ಶ್ರಾವಣದಲ್ಲಿ ತೆಗೆದು ನೋಡಿದರೆ ಚೀಲಕ್ಕೆ ಹಸಿರು ಬೂಸು, ಮರದ ಹಿಡಿ ಬಿಚ್ಚಿದರೆ ಅದರಡಿಯಲ್ಲಿ ಕೆಂಪು ತುಕ್ಕು. ಹೊರಗಿನಿಂದ ಮಾತ್ರ ಥಳಥಳ! ಆದ್ದರಿಂದ ಚೀಲ ಪ್ರಯಾಣಕ್ಕೆ ಮಾತ್ರ ಇರಲಿ. ಮನೆಯಲ್ಲಿ ಎಣ್ಣೆ ಸವರಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಜೊತೆಗಿಟ್ಟು, ಬೀಗದ ಪೆಟ್ಟಿಗೆಯಲ್ಲಿಡಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆದು ಒರೆಸಿ. ಈ ಪತ್ರಿಕೆ ಕೈಗೆ ಬಂದ ದಿನವೇ ಎಂದು ಇಟ್ಟುಕೊಂಡರೆ ಮರೆಯುವುದಿಲ್ಲ. ಮಳೆಗೆ ಮುಂಚೆ ಒಮ್ಮೆ, ನಿಂತ ಮೇಲೆ ಒಮ್ಮೆ ಹಿಡಿ ಬಿಚ್ಚಿ ಅಡಿಭಾಗ ನೋಡಬೇಕು.

ಪೂಜೆಯ ದಿನದ ಹಸಿ ಕುಂಕುಮ, ಅರಿಶಿಣ, ನೀರು ಚಿಮುಕಿಸಿದ ಹೂವು ಇವೂ ತುಕ್ಕು ತರುತ್ತವೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗಳನ್ನು ಶುಚಿ ಮಾಡಿ, ತೋಕ್‌ಪೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ಅಲ್ಲಿ ಶುಚಿ ಮಾಡುವುದೇ ಹಬ್ಬದ ಭಾಗ. ನಾವೂ ಪೂಜೆಗೆ ಮುಂಚೆ ಖಾಲಿ ಮಾಡಿ, ಪೂಜೆ ಮುಗಿದ ಸಂಜೆಯೇ ಒರೆಸಿ ಎಣ್ಣೆ ಹಚ್ಚಿದರೆ ದೇವಿಗೆ ಕೋಪ ಬಾರದು.

ಬೀಗ ಮತ್ತು ಕಾಗದ

ರಿವಾಲ್ವರಿಗೊಂದು ಬೀಗ, ಗುಂಡಿಗೆ ಬೇರೆ ಕಡೆ ಇನ್ನೊಂದು ಬೀಗ. ಕೀಲಿಕೈ ಮಕ್ಕಳಿಗೆ ಗೊತ್ತಿರುವ ಸಾಸಿವೆ ಡಬ್ಬಿಯಲ್ಲಿ ಬೇಡ. ಮನೆಯಲ್ಲಿ ಜಗಳ, ಕುಡಿತ ಅಥವಾ ಮನಸ್ಸು ಕುಗ್ಗಿದವರು ಇದ್ದರೆ ರಿವಾಲ್ವರ್ ಮನೆಯಲ್ಲೇ ಬೇಡ. ಠಾಣೆಯಲ್ಲೋ ಲೈಸೆನ್ಸು ಇರುವ ಅಂಗಡಿಯಲ್ಲೋ ಠೇವಣಿ ಇಡಬಹುದು. ಇದನ್ನು ಹೇಳಲು ಸಂಕೋಚಪಟ್ಟು ಆಮೇಲೆ ಅಳುವುದಕ್ಕಿಂತ ಮೊದಲೇ ಹೇಳುವುದು ಒಳ್ಳೆಯದು.

2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ 5 ವರ್ಷ. ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ಲೈಸೆನ್ಸುದಾರರು ತೀರಿಕೊಂಡರೆ ತಡಮಾಡದೆ ಹತ್ತಿರದ ಠಾಣೆಗೆ ಅಥವಾ ಲೈಸೆನ್ಸು ಇರುವ ವ್ಯಾಪಾರಿಗೆ ಒಪ್ಪಿಸಿ ರಸೀದಿ ಪಡೆಯಬೇಕು. ನಂತರ ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬಹುದು. 'ಅವರ ನೆನಪು' ಎಂದು ಟ್ರಂಕಿನ ತಳದಲ್ಲಿ ಇಟ್ಟುಕೊಂಡರೆ ದುಃಖದ ಮೇಲೆ ಕೇಸೂ ಬಂದೀತು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಲು ಹೇಳಿದರೆ ಎಣ್ಣೆ ಸವರಿ ಕೊಡಿ, ವಾಪಸು ಬಂದ ದಿನವೇ ಬಿಚ್ಚಿ ಒರೆಸಿ.

ದಾಂಡೇಲಿ, ಜೋಯಿಡಾದವರಿಗೆ ಇನ್ನೊಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಭಯಾರಣ್ಯದ ಒಳಗೆ ಅಥವಾ 10 ಕಿಲೋಮೀಟರಿನೊಳಗೆ ವಾಸಿಸುವ ಲೈಸೆನ್ಸುದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಅಭಯಾರಣ್ಯದೊಳಗೆ ಆಯುಧ ಒಯ್ಯಲು ಮೊದಲೇ ಬರಹದ ಅನುಮತಿ ಬೇಕು.

ಜೋಯಿಡಾದ ಸೋದರಿಗೆ ನನ್ನ ಉತ್ತರ ಇಷ್ಟು. ನೀವು ಠಾಣೆಗೆ ಒಪ್ಪಿಸಿ ಕಾಗದ ಮಾಡಿಸಿದ್ದು ಸರಿಯಾಯಿತು. ಮ್ಯಾಗ್ನಂ ಬೇಡ. ಇದ್ದದ್ದಕ್ಕೇ ನಿಮ್ಮ ಕೈಯ ಅಳತೆಯ ಹಿಡಿ ಹಾಕಿಸಿ. ಪೊಲೀಸ್ ಇಲಾಖೆಯವರು ಆಗಾಗ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ, ಹೆಂಗಸರೂ ಸೇರಬಹುದು. ಠಾಣೆಯಲ್ಲಿ ವಿಚಾರಿಸಿ. ಅದನ್ನು ಕಲಿತ ಮೇಲೂ ರಿವಾಲ್ವರ್ ತೆಗೆದರೆ ಧೈರ್ಯಕ್ಕಿಂತ ಕೈನಡುಕವೇ ಹೆಚ್ಚು ಅನ್ನಿಸಿದರೆ ಮಾರಿಬಿಡಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ಯಜಮಾನರ ನೆನಪು ತೋಟದಲ್ಲೂ ಇದೆಯಲ್ಲ.

ಉಳಿದ ಸೋದರಿಯರೇ, ನಿಮ್ಮ ಕಪಾಟಿನಲ್ಲೂ ಇದ್ದರೆ ಇವತ್ತೇ ಯಜಮಾನರನ್ನು ಕರೆದು, ಎದುರಿಗೆ ಬಿಚ್ಚಿಸಿ ನೋಡಿ. "ಖಾಲಿ ಐತಿ" ಅಂದರೆ, "ತೋರಸ್ರಿ" ಅನ್ನಿ.

ಮುಂದಿನ ಸಂಚಿಕೆಯಲ್ಲಿ ಮಳೆಗಾಲದ ಹಪ್ಪಳ ಮೆತ್ತಗಾಗದಂತೆ ಇಡುವ ಉಪಾಯ ಹೇಳುತ್ತೇನೆ. ಬರಲೇ?