ರಿಪೇರಿಯವರು ಬರ್ತಾರಾ? ಮೊದಲು ನೀವು ರೆಡಿಯಾಗಿ!

ಕಂಪ್ಯೂಟರ್ ರಿಪೇರಿಯವರು ಮನೆಗೆ ಬರ್ತಾರೆ ಅಂದ ಕೂಡಲೇ ನಾವು ಏನು ಮಾಡ್ತೇವೆ ಹೇಳಿ? ಹಾಲ್‌ನಲ್ಲಿ ಹರಡಿದ ಬಟ್ಟೆ ಎತ್ತಿಡ್ತೇವೆ, ಟೇಬಲ್ ಮೇಲಿನ ಧೂಳು ಒರೆಸ್ತೇವೆ, ಚಹಾಕ್ಕೆ ಹಾಲು ಇದೆಯೋ ನೋಡ್ತೇವೆ. ಕಂಪ್ಯೂಟರ್ ಒಳಗೆ ಏನೇನಿದೆ ಅಂತ ಮಾತ್ರ ನೋಡುವುದಿಲ್ಲ. ನಾನೂ ಹಾಗೇ ಮಾಡಿದ್ದೆ.

ಬೀದರ್‌ನ ನಮ್ಮ ಮನೆಯ ಹಳೇ ಕಂಪ್ಯೂಟರ್ ಆನ್ ಆಗಲು ಹತ್ತು ನಿಮಿಷ ಬೇಕಾಗುತ್ತಿತ್ತು. ಬಂದ ಹುಡುಗ ನೋಡಿ, ‘ಅಕ್ಕೋರ, ಫಾರ್ಮ್ಯಾಟ್ ಮಾಡ್ಬೇಕಾಗ್ತದ್ರಿ. ಬೇಕಾದ್ದೆಲ್ಲ ಕಾಪಿ ಮಾಡಿಟ್ಟೀರಿಲ್ಲ?’ ಅಂತ ಕೇಳಿದ. ಒಲೆಯ ಮೇಲೆ ಹಾಲು ಉಕ್ಕಲು ಬಂದಿತ್ತು. ಅಡುಗೆಮನೆಯಿಂದಲೇ ‘ಹೂಂ, ಎಲ್ಲಾ ಡಿ ಡ್ರೈವ್‌ದಾಗ ಅದ, ಮಾಡಪ್ಪಾ’ ಅಂದುಬಿಟ್ಟೆ.

ಡೆಸ್ಕ್‌ಟಾಪ್ ಮೇಲಿದ್ದ ‘ಅವ್ವ’ ಎಂಬ ಫೋಲ್ಡರ್ ನೆನಪಾದದ್ದು ರಾತ್ರಿ. ಅವ್ವ ತೀರಿಕೊಳ್ಳುವ ಹಿಂದಿನ ದೀಪಾವಳಿಯ ಫೋಟೋಗಳು, ಆಕೆ ಹೇಳಿದ ಬೀಸುಕಲ್ಲಿನ ಹಾಡಿನ ರೆಕಾರ್ಡಿಂಗ್ ಅದರಲ್ಲಿದ್ದವು. ಡೆಸ್ಕ್‌ಟಾಪ್ ಮೇಲೆ ಕಾಣುವುದೆಲ್ಲ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ ಇರುತ್ತದೆ, ಅದು ಫಾರ್ಮ್ಯಾಟ್ ಆದರೆ ಎಲ್ಲವೂ ಅಳಿಸಿ ಹೋಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಹುಡುಗನನ್ನು ಬೈಯುವಂತಿಲ್ಲ, ಪಾಪ, ಆತ ಕೇಳಿಯೇ ಮಾಡಿದ್ದ.

ಅಂದಿನಿಂದ ನನ್ನ ಅಭಿಪ್ರಾಯ ಇಷ್ಟೇ: ರಿಪೇರಿ ಅವರ ಕೆಲಸ, ಅದಕ್ಕೂ ಮುಂಚಿನ ತಯಾರಿ ನಮ್ಮ ಕೆಲಸ. ‘ಅದೆಲ್ಲ ನಮ್ಮನೆಯವರಿಗೇ ಗೊತ್ತು’ ಅನ್ನುವುದನ್ನು ಇನ್ನಾದರೂ ಬಿಡೋಣ. ರಿಪೇರಿಯವರು ಬರುವ ಹೊತ್ತಿಗೆ ಯಜಮಾನರು ಆಫೀಸಿನಲ್ಲಿ, ಮಕ್ಕಳು ಶಾಲೆಯಲ್ಲಿ. ಬಾಗಿಲು ತೆಗೆಯುವವರು, ‘ಹೂಂ’ ಅನ್ನುವವರು ನಾವೇ ಅಲ್ಲವೇ?

ಹಾಗಾದರೆ ಏನು ಮಾಡಬೇಕು?

* ಮೊದಲು ಕಾಪಿ: ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ – ಈ ನಾಲ್ಕೂ ಕಡೆ ಇರುವುದನ್ನು ಪೆನ್‌ಡ್ರೈವ್ ಅಥವಾ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಹಾಕಿ. ಕಾಪಿ ಆಯಿತು ಅಂತ ಸುಮ್ಮನಾಗಬೇಡಿ, ಒಂದೆರಡು ಫೈಲ್ ತೆರೆದು ನೋಡಿ. ಕಂಪ್ಯೂಟರ್ ಆನ್ ಆಗುವುದೇ ಇಲ್ಲವೇ? ‘ಮೊದಲು ನಮ್ಮ ಫೈಲ್ ತೆಗೆದುಕೊಡಿ’ ಅಂತ ಹೇಳಿ. ಡಿಸ್ಕ್ ಕೆಟ್ಟಿರದಿದ್ದರೆ ಅದನ್ನು ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಜೋಡಿಸಿ ತೆಗೆಯಬಹುದು.

* ನುಡಿ ಮರೆಯಬೇಡಿ: ಹಳೇ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಕನ್ನಡ, ಫಾರ್ಮ್ಯಾಟ್ ಆದ ಮೇಲೆ ಅರ್ಥವಾಗದ ಅಕ್ಷರಗಳಾಗಿ ಕಾಣುತ್ತದೆ. ಗಾಬರಿಯಾಗಬೇಡಿ, ಬರಹ ಹಾಳಾಗಿಲ್ಲ. ನುಡಿಯ ಫಾಂಟ್ ಮತ್ತೆ ಹಾಕಿದರೆ ಸರಿಹೋಗುತ್ತದೆ. ಪ್ರಿಂಟರ್, ಅಂಗಡಿಯ ಲೆಕ್ಕದ ಸಾಫ್ಟ್‌ವೇರ್ ಹೀಗೆ ಏನೇನು ಮತ್ತೆ ಹಾಕಬೇಕೋ ಪಟ್ಟಿ ಮಾಡಿಕೊಡಿ. ಯಾವ ವಿಂಡೋಸ್ ಹಾಕುತ್ತೀರಿ ಅಂತಲೂ ಕೇಳಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ.

* ತೊಂದರೆ ಬರೆದಿಡಿ: ಔರಾದ್‌ನಲ್ಲಿರುವ ನನ್ನ ಗೆಳತಿ ‘ಚಾಲೂ ಆಗವಲ್ದು’ ಅಂತಷ್ಟೇ ಫೋನ್ ಮಾಡಿದ್ದಳು. ಬೀದರ್‌ನಿಂದ ಸುಮಾರು 40 ಕಿ.ಮೀ. ಹೋದವರು ಬೇಕಾದ ಪಾರ್ಟ್ ಕೈಯಲ್ಲಿಲ್ಲದೆ ವಾಪಸ್ ಬಂದರು. ಹೋಗಿಬರುವ ಖರ್ಚು ಎರಡು ಸಲ! ಪರದೆ ಮೇಲೆ ಬಂದ ಸಂದೇಶದ ಫೋಟೋ, ಕಂಪ್ಯೂಟರ್‌ನ ಮಾಡೆಲ್ ನಂಬರ್, ‘ಕರೆಂಟ್ ಹೋಗಿ ಬಂದ ಮೇಲೆ ಹೀಗಾಯಿತು’ ಎಂಬ ಒಂದು ಮಾತು ಮೊದಲೇ ಕಳಿಸಿದರೆ ಅವರೂ ತಯಾರಾಗಿ ಬರುತ್ತಾರೆ.

* ಪಾಸ್‌ವರ್ಡ್ ಚೀಟಿ ಕೊಡಬೇಡಿ: ಭಾಲ್ಕಿಯಲ್ಲಿ ಅಂಗಡಿ ನಡೆಸುವ ನಮ್ಮ ಅಕ್ಕ, ಕೇಳಿದ್ದು ಒಂದು ಪಾಸ್‌ವರ್ಡ್ ಆದರೆ ಬ್ಯಾಂಕಿನದೂ ಇದ್ದ ಇಡೀ ಚೀಟಿ ಕೊಟ್ಟಿದ್ದಳು. ಪುಣ್ಯಕ್ಕೆ ಏನೂ ಆಗಲಿಲ್ಲ. ಲಾಗಿನ್ ಪಾಸ್‌ವರ್ಡ್ ನೀವೇ ಟೈಪ್ ಮಾಡಿ. ಮೇಲ್, ಬ್ಯಾಂಕ್ ಖಾತೆಗಳಿಂದ ಮೊದಲೇ ಲಾಗೌಟ್ ಆಗಿ. ಒಟಿಪಿಯನ್ನಂತೂ ಯಾರಿಗೂ ಹೇಳಬೇಡಿ.

* ಕರೆಯದವರನ್ನು ನಂಬಬೇಡಿ: ‘ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ, ಈ ಆ್ಯಪ್ ಹಾಕಿಕೊಳ್ಳಿ’ ಅಂತ ತಾವಾಗೇ ಫೋನ್ ಮಾಡುವವರು ರಿಪೇರಿಯವರಲ್ಲ, ವಂಚಕರು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

* ಪಕ್ಕದಲ್ಲೇ ಕೂಡಿ: ಒಬ್ಬರೇ ಇದ್ದರೆ ಪಕ್ಕದ ಮನೆಯವರನ್ನು ಕರೆಯಿರಿ. ಇದರಲ್ಲಿ ಸಂಕೋಚ ಬೇಡ. ಖರ್ಚೆಷ್ಟು ಅಂತ ಮೊದಲೇ ಕೇಳಿ. ವಾರಂಟಿ ಇದ್ದರೆ ಕಂಪನಿ ಸರ್ವಿಸ್‌ನವರನ್ನು ಕೇಳದೆ ಬಿಚ್ಚಿಸಬೇಡಿ. ಬದಲಿಸಿದ ಹಳೇ ಪಾರ್ಟ್ ಮತ್ತು ಬಿಲ್ ಕೇಳಿ ಪಡೆಯಿರಿ. ಬಿಲ್ ಇದ್ದರೆ ನಾಳೆ ತಕರಾರು ಬಂದಾಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಲು ಆಧಾರವಾಗುತ್ತದೆ.

ಇಷ್ಟಾದರೂ ಏನಾದರೂ ಅಳಿಸಿ ಹೋದರೆ ಕೂಡಲೇ ಆ ಕಂಪ್ಯೂಟರ್ ಬಳಸುವುದನ್ನು ನಿಲ್ಲಿಸಿ. ಹೊಸದಾಗಿ ಏನೇ ತುಂಬಿದರೂ ಹಳೆಯದು ಸಿಗುವ ಆಸೆ ಕಡಿಮೆಯಾಗುತ್ತದೆ. ಇದು ಗೊತ್ತಿಲ್ಲದೆ ನಾನು ಮರುದಿನವೇ ಮಕ್ಕಳಿಗೆ ಸಿನಿಮಾ ತುಂಬಿಸಿಕೊಟ್ಟಿದ್ದೆ.

ಅವ್ವನ ಎರಡು ಫೋಟೋ ತಮ್ಮನ ಮೊಬೈಲ್‌ನಲ್ಲಿ ಸಿಕ್ಕವು. ಹಾಡು ಮಾತ್ರ ಎಲ್ಲೂ ಸಿಗಲಿಲ್ಲ. ನಿಮ್ಮ ಮನೆಯ ಕಂಪ್ಯೂಟರ್‌ನಲ್ಲೂ ಅಂಥದ್ದೊಂದು ಇದ್ದೇ ಇರುತ್ತದೆ. ರಿಪೇರಿಯವರು ಬರುವವರೆಗೆ ಕಾಯುವುದೇಕೆ? ಇವತ್ತು ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟ ಮೇಲೆ ಒಂದು ಪೆನ್‌ಡ್ರೈವ್ ಹಿಡಿದು ಕೂತುಬಿಡಿ.